ಸೌಟು, ಚಮಚ, ಸಾಮಾನಿನ ಚೀಟಿ

ಮನೆಯವರ ಆರೋಗ್ಯ ಅರ್ಧ ತೀರ್ಮಾನವಾಗುವುದು ತಿಂಗಳ ಸಾಮಾನಿನ ಚೀಟಿ ಬರೆಯುವಾಗಲೇ. ಹೋದ ತಿಂಗಳ ಬಿಲ್ಲು ತೆಗೆದು ನಾಲ್ಕೇ ಸಾಲು ನೋಡಿ: ಎಣ್ಣೆ, ಉಪ್ಪು, ಸಕ್ಕರೆ, ಬೇಳೆ. ಸಾಮಾನ್ಯವಾಗಿ ಮೊದಲ ಮೂರು ಹೆಚ್ಚಿರುತ್ತವೆ, ಕೊನೆಯದು ಕಡಿಮೆ ಇರುತ್ತದೆ. ನಮ್ಮ ಕಡೆಯ ಅಡುಗೆಯಲ್ಲಿ ತಪ್ಪೇನಿಲ್ಲ. ಸಾರು, ಪಲ್ಯ, ಮುದ್ದೆ, ಮಜ್ಜಿಗೆ ಎಲ್ಲ ಸರಿಯಾದದ್ದೇ. ಕೆಟ್ಟಿರುವುದು ಅಳತೆ. ಅದಕ್ಕೇ ಹೊಸದಾಗಿ ಓಟ್ಸು, ವಿದೇಶಿ ಬೀಜ ಅಂತ ತರುವ ಮೊದಲು ಇರುವುದನ್ನೇ ಅಳೆದು ನೋಡಿ.

ನಾಲ್ಕು ಜನ ದೊಡ್ಡವರಿರುವ ಮನೆಗೆ ತಿಂಗಳಿಗೆ ಎರಡೂವರೆ ಲೀಟರ್ ಎಣ್ಣೆ, ಅರ್ಧ ಕೆಜಿ ತುಪ್ಪ ಸಾಕು. ಇದು ತಲೆಗೆ ದಿನಕ್ಕೆ 23 ಗ್ರಾಂ ಆಗುತ್ತದೆ, ಅಂದರೆ ಐದು ಟೀ ಚಮಚ. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅದು ತಲೆ ತಟ್ಟಿದ ಒಂದು ಟೀ ಚಮಚ. ಆ ಲೆಕ್ಕದಲ್ಲಿ ಒಂದು ಕೆಜಿ ಪ್ಯಾಕೆಟ್ಟು 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಬ್ರೆಡ್ಡು, ಚಿಪ್ಸ್‌ನಲ್ಲಿ ಒಳಗಿಂದೊಳಗೇ ಹೋಗುವ ಉಪ್ಪನ್ನೂ ಸೇರಿಸಿದರೆ ಎರಡು ತಿಂಗಳೇ ಬರಬೇಕು. ಸಕ್ಕರೆ, ಬೆಲ್ಲ ಎರಡೂ ಸೇರಿ ಎರಡು ಕೆಜಿಯ ಒಳಗಿರಲಿ. ಬಿಸ್ಕತ್ತು, ಸ್ವೀಟು ಬೇರೆ ದಾರಿಯಲ್ಲಿ ಹೇಗೂ ಬರುತ್ತವೆ. ಬೆಲ್ಲ ಒಳ್ಳೆಯದು ಎಂದು ಕೈ ಬಿಚ್ಚಿ ಹಾಕುವವರಿದ್ದಾರೆ; ರುಚಿಗೆ ಹಾಕಿ, ಬೇಡ ಅನ್ನುವುದಿಲ್ಲ, ಆದರೆ ಮೈಗೆ ಅದೂ ಸಕ್ಕರೆಯೇ. ಇನ್ನು ಬೇಳೆ-ಕಾಳು ಎಲ್ಲ ಸೇರಿ ಏಳು ಕೆಜಿಯಾದರೂ ಬೇಕು. ಮೊಟ್ಟೆ, ಮೀನು, ಮಾಂಸ ತಿನ್ನುವ ಮನೆಯಾದರೆ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ. ಎರಡು ಕೆಜಿ ತೊಗರಿಬೇಳೆ ತಂದು ತಿಂಗಳೆಲ್ಲಾ ತಿಳಿಸಾರು ಮಾಡುವ ಮನೆಯಲ್ಲಿ ಹೊಟ್ಟೆ ತುಂಬುವುದು ಅನ್ನದಿಂದ ಮಾತ್ರ.

ಎಣ್ಣೆ ಕಡಿಮೆ ಮಾಡುತ್ತೇನೆ ಅಂತ ಮನಸ್ಸಿನಲ್ಲೇ ಅಂದುಕೊಂಡರೆ ಕಡಿಮೆಯಾಗುವುದಿಲ್ಲ. ಪ್ಯಾಕೆಟ್ಟಿನಿಂದಲೋ ಕ್ಯಾನಿನಿಂದಲೋ ಬಾಣಲೆಗೆ ನೇರ ಸುರಿಯುವ ಕೈಗೆ ಲೆಕ್ಕ ಗೊತ್ತಿರುವುದಿಲ್ಲ. ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ವಾರಕ್ಕಾಗುವಷ್ಟು, ಅಂದರೆ ಸುಮಾರು 600 ಮಿಲಿ ಹಾಕಿಡಿ, ಒಳಗೆ ಟೀ ಚಮಚ ಬಿಡಿ. ಶನಿವಾರಕ್ಕೆ ಮೊದಲೇ ಡಬ್ಬಿ ಖಾಲಿಯಾದರೆ ಎಲ್ಲಿ ಸೋರಿತು ಅಂತ ತಾನೇ ಗೊತ್ತಾಗುತ್ತದೆ. ನಾಲ್ಕು ಜನರ ಪಲ್ಯಕ್ಕೆ ಎರಡು ಟೀ ಚಮಚ ಎಣ್ಣೆ ಸಾಕು. ತಳ ಹಿಡಿಯುತ್ತದೆ ಅನ್ನುವ ದೂರು ಬಂದೇ ಬರುತ್ತದೆ. ತಳ ಹಿಡಿಯುವುದು ಬಾಣಲೆ ಕಾಯುವ ಮೊದಲೇ ಎಣ್ಣೆ ಹಾಕಿದ್ದಕ್ಕೆ, ಉರಿ ಜೋರಾಗಿದ್ದಕ್ಕೆ. ಬಾಣಲೆ ಕಾಯಲಿ, ಆಮೇಲೆ ಎಣ್ಣೆ, ಸಾಸಿವೆ, ಉದ್ದಿನಬೇಳೆ, ಕರಿಬೇವು. ತರಕಾರಿ ಹಾಕಿ ಎರಡು ಸಲ ಕೈಯಾಡಿಸಿ ಉರಿ ಸಣ್ಣ ಮಾಡಿ, ಮೇಲೆ ಅಂಚಿರುವ ತಟ್ಟೆ ಮುಚ್ಚಿ ಆ ತಟ್ಟೆಯೊಳಗೆ ಅರ್ಧ ಲೋಟ ನೀರು ಹಾಕಿ. ಹಬೆ ತಣ್ಣನೆಯ ತಟ್ಟೆಗೆ ತಾಗಿ ಹನಿಯಾಗಿ ಮತ್ತೆ ತರಕಾರಿಯ ಮೇಲೇ ಬೀಳುತ್ತದೆ. ಹುರುಳಿಕಾಯಿ, ಬೀಟ್‌ರೂಟು ತಮ್ಮ ನೀರಿನಲ್ಲೇ ಬೇಯುತ್ತವೆ. ಕಾಯಿತುರಿಯನ್ನು ಒಲೆ ಆರಿಸಿದ ಮೇಲೆ ಹಾಕಿದರೆ ಎರಡು ಚಮಚದಲ್ಲೇ ಘಮ ಬರುತ್ತದೆ, ಮೊದಲೇ ಹಾಕಿದರೆ ನಾಲ್ಕು ಚಮಚವೂ ಕಾಣುವುದಿಲ್ಲ. ಕರಿದು ಉಳಿದ ಎಣ್ಣೆಯಲ್ಲಿ ಮತ್ತೆ ಕರಿಯಬೇಡಿ. ಶೋಧಿಸಿಟ್ಟು ಒಂದೆರಡು ದಿನದೊಳಗೆ ಒಗ್ಗರಣೆಗೆ ಮುಗಿಸಿ.

ಉಪ್ಪನ್ನು ಒಂದೇ ದಿನ ಅರ್ಧ ಮಾಡಿದರೆ ಊಟ ಸಪ್ಪೆಯಾಗಿ ಎಲ್ಲರೂ ಉಪ್ಪಿನಕಾಯಿಗೆ ಕೈ ಹಾಕುತ್ತಾರೆ, ಅಲ್ಲಿಗೆ ಲೆಕ್ಕ ತಲೆಕೆಳಗು. ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸಿ. ಒಂದೆರಡು ತಿಂಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ನಿಂಬೆಹಣ್ಣು, ಮೆಣಸು, ಹುರಿದ ಜೀರಿಗೆ ನಡುವೆ ಕೈ ಹಿಡಿಯುತ್ತವೆ. ಮಜ್ಜಿಗೆಗೆ ಉಪ್ಪು ಬದಲು ಶುಂಠಿ, ಕೊತ್ತಂಬರಿ ಜಜ್ಜಿ ಹಾಕಿ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು, ಬಿ.ಪಿ.ಗೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬಾರದು.

ಬೇಳೆಯ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. 60 ಕೆಜಿ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ನೂರು ಗ್ರಾಂ ಬೇಳೆಯಲ್ಲಿ ಇರುವುದು 22ರ ಆಸುಪಾಸು. ತಿಳಿಸಾರಿಗೆ ತಲೆಗೆ 20 ಗ್ರಾಂ ಬೇಳೆ ಬಿದ್ದರೆ ಹೆಚ್ಚು. ಅದರಲ್ಲೂ ಬೇಳೆ ತಳದಲ್ಲಿ ಕೂತು, ಮೇಲಿನ ತಿಳಿ ಮಾತ್ರ ತಟ್ಟೆಗೆ ಬರುತ್ತದೆ. ಸೌಟನ್ನು ತಳಕ್ಕೆ ಇಳಿಸಿ ಬಡಿಸುವುದೇ ಒಂದು ಸುಧಾರಣೆ. ವಾರದಲ್ಲಿ ನಾಲ್ಕು ದಿನ ಸಾರಿನ ಬದಲು ಹುಳಿ ಅಥವಾ ಕಾಳಿನ ಸಾರು ಮಾಡಿ, ಜೊತೆಗೆ ದಿನಕ್ಕೊಂದು ಬಟ್ಟಲು ಕೋಸಂಬರಿ. ಹೆಸರುಬೇಳೆ ಮುಕ್ಕಾಲು ಗಂಟೆ ನೆನೆದರೆ ಸಾಕು, ಉಗುರಿನಲ್ಲಿ ಒತ್ತಿದರೆ ಮುರಿಯಬೇಕು. ಎರಡು-ಮೂರು ಗಂಟೆ ಬಿಟ್ಟರೆ ಮೆತ್ತಗಾಗಿ ಲೋಳೆಯಾಗುತ್ತದೆ. ಸೌತೆಕಾಯಿ ಹಾಕಿದ ಮೇಲೆ ಉಪ್ಪು, ನಿಂಬೆರಸವನ್ನು ಬಡಿಸುವ ಹೊತ್ತಿಗೇ ಬೆರೆಸಿ, ಮೊದಲೇ ಬೆರೆಸಿದರೆ ಸೌತೆ ನೀರು ಬಿಟ್ಟು ಬಟ್ಟಲಿನ ತಳ ಕೊಳವಾಗುತ್ತದೆ.

ಹುರುಳಿಕಾಳು, ಹೆಸರುಕಾಳು ಮೊಳಕೆ ಕಟ್ಟುವುದಾದರೆ ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ. ಹೆಸರು ಮರುದಿನಕ್ಕೆ ಮೊಳೆಯುತ್ತದೆ, ಹುರುಳಿಗೆ ಚಳಿಗಾಲದಲ್ಲಿ ಇನ್ನೊಂದು ದಿನ ಹಿಡಿಯಬಹುದು. ವಾಸನೆ ಬಂದರೆ ನೀರು ಪೂರ್ತಿ ಬಸಿದಿಲ್ಲ ಎಂದರ್ಥ. ಹಸಿಯಾಗಿ ತಿನ್ನುವುದಕ್ಕಿಂತ ಐದು ನಿಮಿಷ ಹಬೆಯಲ್ಲಿ ಬೇಯಿಸಿ. ಮೊಳಕೆ ಬೆಳೆಯುವ ತೇವದಲ್ಲೇ ಹೊಟ್ಟೆ ಕೆಡಿಸುವ ಕ್ರಿಮಿಗಳೂ ಬೆಳೆಯುತ್ತವೆ. ಕಾಳು ತಿಂದರೆ ಗ್ಯಾಸು ಅನ್ನುವವರು ನೆನೆಸಿದ ನೀರು ಚೆಲ್ಲಲಿ, ಎರಡು ಚಮಚದಿಂದ ಶುರು ಮಾಡಲಿ, ವಾರ ವಾರ ಹೆಚ್ಚಿಸಲಿ. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ರಾಶಿ ಬೀಳುವಾಗ ಇದನ್ನೆಲ್ಲ ಯಾರೂ ಹೇಳಿಕೊಡಬೇಕಾಗಿಲ್ಲ. ಹಿತಕಿದ ಬೇಳೆ ಸಾರು ಇದ್ದ ದಿನ ಪ್ರೋಟೀನ್ ಚಿಂತೆ ಬಿಟ್ಟುಬಿಡಿ, ಅವರೆಬೇಳೆ ಮಿಕ್ಸ್ಚರ್ ಮಾತ್ರ ಆ ಲೆಕ್ಕಕ್ಕೆ ಬರುವುದಿಲ್ಲ.

ಸೊಪ್ಪು ತಿನ್ನುವುದಕ್ಕೆ ಬಸ್ಸಾರಿಗಿಂತ ಜಾಣ ಅಡುಗೆ ಇನ್ನೊಂದಿಲ್ಲ. ಒಂದೇ ಪಾತ್ರೆಯಿಂದ ಸಾರೂ ಆಯಿತು, ಪಲ್ಯವೂ ಆಯಿತು, ಸೊಪ್ಪು ಬೆಂದ ನೀರು ಒಂದು ಹನಿಯೂ ಸಿಂಕಿಗೆ ಹೋಗಲಿಲ್ಲ. ನಾಲ್ಕು ಜನಕ್ಕೆ ಒಂದು ಲೋಟ ಬೇಳೆ ಅಥವಾ ನೆನೆಸಿದ ಹೆಸರುಕಾಳನ್ನು ಐದಾರು ಲೋಟ ನೀರಿನಲ್ಲಿ ಮುಕ್ಕಾಲು ಬೇಯಿಸಿ, ಎರಡು ದೊಡ್ಡ ಕಟ್ಟು ದಂಟು, ಕೀರೆ ಅಥವಾ ಸಬ್ಬಸಿಗೆ ಬೆರಕೆ ಹಾಕಿ, ಮುಚ್ಚಳ ತೆಗೆದೇ ಆರೇಳು ನಿಮಿಷ ಬೇಯಿಸಿ. ಮುಚ್ಚಿದರೆ ಬಣ್ಣ ಕಂದುತ್ತದೆ. ಕಾಳು ಒಡೆದು ಹಿಟ್ಟಾಗುವ ಮೊದಲೇ ಬಸಿಯಿರಿ, ಇಲ್ಲದಿದ್ದರೆ ಅದು ಮಸ್ಸೊಪ್ಪು! ಸೊಪ್ಪು ತೊಳೆಯುವಾಗ ಅಗಲ ಪಾತ್ರೆಯಲ್ಲಿ ಮುಳುಗಿಸಿ, ಸೊಪ್ಪನ್ನು ಮೇಲಕ್ಕೆತ್ತಿ ಬೇರೆ ಪಾತ್ರೆಗೆ ಹಾಕಿ, ಹೀಗೆ ಮೂರು ಸಲ. ಪಾತ್ರೆ ಬಗ್ಗಿಸಿ ನೀರು ಚೆಲ್ಲಿದರೆ ತಳದ ಮಣ್ಣು ಮತ್ತೆ ಎಲೆಗೇ ಅಂಟುತ್ತದೆ. ತೊಳೆದ ಮೇಲೆ ಹೆಚ್ಚಿ, ಹೆಚ್ಚಿದ ಮೇಲೆ ತೊಳೆಯಬೇಡಿ. ಹಾಪ್‌ಕಾಮ್ಸಿನಿಂದಲೋ ಗಾಡಿಯವರಿಂದಲೋ ಎರಡು ದಿನದ್ದು ಒಟ್ಟಿಗೆ ತಂದರೆ, ಉಳಿದದ್ದನ್ನು ತೊಳೆಯದೆ ಬೇರು ಕತ್ತರಿಸಿ, ಒಣ ಬಟ್ಟೆ ಸುತ್ತಿ ಫ್ರಿಜ್ಜಿನಲ್ಲಿಡಿ.

ಮದುವೆ ಊಟದ ಎಲೆ ನೆನಪಿಸಿಕೊಳ್ಳಿ. ಕೋಸಂಬರಿ, ಪಲ್ಯ ಮೊದಲು ಬೀಳುತ್ತವೆ, ಅನ್ನ ಆಮೇಲೆ. ಮನೆಯಲ್ಲೂ ಅದೇ ಕ್ರಮದಲ್ಲಿ ತಿನ್ನಿ: ತರಕಾರಿ, ಕಾಳು ಮೊದಲು ಹೊಟ್ಟೆಗೆ ಹೋದರೆ ಹಿಂದೆ ಬರುವ ಅನ್ನದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ, ಅನ್ನವೂ ತಾನಾಗಿ ಒಂದು ಸೌಟು ಕಡಿಮೆಯಾಗುತ್ತದೆ. ತಟ್ಟೆಯ ಅರ್ಧ ಪಲ್ಯ-ಕೋಸಂಬರಿಗೆ ಬಿಡಿ. ಒಬ್ಬರ ಒಂದು ಹೊತ್ತಿಗೆ 60–70 ಗ್ರಾಂ ಅಕ್ಕಿ ಬೆಂದರೆ ಮೂರರಷ್ಟಾಗುತ್ತದೆ, ಮೈ ಬಗ್ಗಿಸದ ಕೆಲಸದವರಿಗೆ ಅಷ್ಟು ಸಾಕು. ನಿಮ್ಮ ಮನೆಯ ಪಾವಿಗೆ ಎಷ್ಟು ಗ್ರಾಂ ಹಿಡಿಯುತ್ತದೆ ಎಂದು ಒಮ್ಮೆ ತೂಗಿ, ಡಬ್ಬಿಯ ಮೇಲೆ ಬರೆದಂಟಿಸಿ.

ರಾಗಿಯ ಬಗ್ಗೆ ಒಂದು ತಪ್ಪು ನಂಬಿಕೆ ಬೇರೂರಿದೆ. ಸಕ್ಕರೆ ಕಾಯಿಲೆಗೆ ರಾಗಿ ಔಷಧಿ, ಎಷ್ಟು ತಿಂದರೂ ಸರಿ ಅನ್ನುತ್ತಾರೆ. ಸರಿಯಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಅದರ ಹತ್ತಿರವೂ ಬರುವುದಿಲ್ಲ, ನಾರೂ ಹೆಚ್ಚು. ಆದರೆ ಪಿಷ್ಟ ಅದರಲ್ಲೂ ತುಂಬಾ ಇದೆ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಕುಡಿದರಂತೂ ಸಕ್ಕರೆ ಬೇಗನೆ ಏರುತ್ತದೆ. ಕಿತ್ತಳೆ ಹಣ್ಣಿನ ಗಾತ್ರದ ಒಂದು ಮುದ್ದೆ, ಜೊತೆಗೆ ಎರಡು ಸೌಟು ಗಟ್ಟಿ ಬಸ್ಸಾರು, ಅದು ಊಟ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು ಇಟ್ಟು, ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಮೊದಲು ಹಾಕಿ. ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆ ಸುರಿದು, ಕೋಲಿನಿಂದ ಒಂದು ತೂತು ಮಾಡಿ, ಕೈಯಾಡಿಸದೆ ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡಿ. ಗಂಟಾಗುವುದು ಅವಸರದಲ್ಲಿ ಕೂಡಲೇ ತಿರುವುವುದರಿಂದ. ತಿರುವಿ, ಮುಚ್ಚಿ ಇನ್ನೆರಡು ನಿಮಿಷ ಬೇಯಿಸಿ, ಒದ್ದೆ ಬೆರಳಿಂದ ಮುಟ್ಟಿ, ಅಂಟದಿದ್ದರೆ ಬೆಂದಿದೆ.

ಕಾಫಿ ಬಿಡಿ ಅಂದರೆ ಬೆಂಗಳೂರಿನಲ್ಲಿ ಯಾರೂ ಕೇಳುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ದಿನಕ್ಕೆ ಎರಡು ಲೋಟ, ಒಂದೊಂದಕ್ಕೆ ಅರ್ಧ ಚಮಚ ಸಕ್ಕರೆ. ಊಟದ ಜೊತೆಗೂ ಊಟವಾದ ಒಂದು ಗಂಟೆಯೊಳಗೂ ಬೇಡ. ಕಾಫಿ, ಟೀ ಎರಡೂ ಸೊಪ್ಪು-ಕಾಳಿನ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಊಟಕ್ಕೆ ನಿಂಬೆ ಹಿಂಡಿದರೆ ಅದೇ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ದರ್ಶಿನಿಯಲ್ಲಿ ಬೈಟೂ ಹೇಳುವ ಅಭ್ಯಾಸ ಹಣಕ್ಕಾಗಿ ಬಂದಿರಬಹುದು, ಆರೋಗ್ಯಕ್ಕೂ ಒಳ್ಳೆಯದೇ. ಅಲ್ಲಿ ಇಡ್ಲಿ ಎರಡು, ಸಾಂಬಾರ್ ಇನ್ನೊಂದು ಬಟ್ಟಲು, ವಡೆ ತಿಂಗಳಿಗೊಮ್ಮೆ. ಸಂಜೆ ಐದಕ್ಕೆ ಬೇಕರಿ ಕಡೆ ಕಾಲು ಎಳೆಯುವುದು ಮಧ್ಯಾಹ್ನದ ಊಟದಲ್ಲಿ ಕಾಳು ಕಡಿಮೆಯಿದ್ದ ದಿನವೇ ಹೆಚ್ಚು. ಒಂದು ಹಿಡಿ ಹುರಿಗಡಲೆ ಅಥವಾ ಬೇಯಿಸಿದ ಕಡಲೆಕಾಯಿ ಕೈಗೆ ಸಿಗುವಲ್ಲಿ ಇರಲಿ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿ ಪರಿಷೆಯಿಂದ ತಂದ ಕಡಲೆಕಾಯಿಯನ್ನು ಮಾತ್ರ ಬಿಸಿಲಿಗೆ ಚೆನ್ನಾಗಿ ಒಣಗಿಸಿ ಡಬ್ಬಿಗೆ ಹಾಕಿ. ಬೂಸ್ಟು ಹಿಡಿದದ್ದನ್ನು ಆರಿಸಿ ತಿನ್ನಬೇಡಿ, ಕಹಿಯಾದದ್ದನ್ನು ಉಗಿಯಿರಿ. ಆ ಬೂಸ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ, ಯಕೃತ್ತಿಗೆ ಕೆಟ್ಟದ್ದು.

ರಾತ್ರಿ ಊಟ ಎಂಟಕ್ಕೆ ಮುಗಿದರೆ ಒಳ್ಳೆಯದು, ಮಲಗುವುದಕ್ಕೆ ಎರಡು ಗಂಟೆ ಮೊದಲಾದರೂ ಮುಗಿಯಲಿ. ಉಳಿದ ಅನ್ನವನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಬೆಳಗಿನ ಚಿತ್ರಾನ್ನಕ್ಕೆಂದು ರಾತ್ರಿಯೆಲ್ಲಾ ಕುಕ್ಕರಿನಲ್ಲೇ ಬಿಟ್ಟ ಅನ್ನದಲ್ಲಿ ಹುಟ್ಟುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಊಟವಾದ ಕೂಡಲೇ ಸೋಫಾಕ್ಕೆ ಬೀಳಬೇಡಿ, ಮನೆಯೊಳಗೋ ಟೆರೇಸಿನಲ್ಲೋ ಹತ್ತು-ಹದಿನೈದು ನಿಮಿಷ ಓಡಾಡಿ. ಸಕ್ಕರೆ ಇಳಿಸುವುದಕ್ಕೆ ಇಷ್ಟು ಸುಲಭದ ಉಪಾಯ ಬೇರೆಯಿಲ್ಲ. ವಾರಕ್ಕೆ 150 ನಿಮಿಷ ಬಿರುಸಾದ ನಡಿಗೆ ಬೇಕು ಎನ್ನುವುದು ಲೆಕ್ಕ. ಬಿರುಸು ಅಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಒಟ್ಟಿಗೆ ಅರ್ಧ ಗಂಟೆ ಸಿಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲ ಮಾಡಿ, ಮೆಟ್ರೋ ನಿಲ್ದಾಣದ ಮೆಟ್ಟಿಲೂ ಅದರಲ್ಲಿ ಸೇರಲಿ. ಲಾಲ್‌ಬಾಗಿನ 240 ಎಕರೆಯಲ್ಲಿ ಜಾಗಕ್ಕೆ ಬರವಿಲ್ಲ, ಆದರೆ ಗೇಟಿನ ಹೊರಗಿನ ವಡೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಅರ್ಧ ಗಂಟೆ ನಡೆದು ಕರಗಿಸಿದ್ದನ್ನು ಒಂದು ಉದ್ದಿನ ವಡೆ ವಾಪಸು ಕೊಡುತ್ತದೆ. ಬಡಾವಣೆಯ ರಸ್ತೆಯಲ್ಲಿ ಫುಟ್‌ಪಾತ್ ಇಲ್ಲದಿದ್ದರೆ ವಾಹನ ಎದುರಿಗೆ ಕಾಣುವ ಬಲಗಡೆ ನಡೆಯಿರಿ; ಮಳೆ ನಿಂತ ಮೇಲೆ ಎಲೆ ಬಿದ್ದ ಕಲ್ಲುಚಪ್ಪಡಿ ಜಾರುತ್ತದೆ, ಅಲುಗಾಡುವ ಚಪ್ಪಡಿಯ ಕೆಳಗೆ ಚರಂಡಿ ಇರುತ್ತದೆ. ಶೂಗಳನ್ನು ಸಂಜೆ ಕೊಳ್ಳಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಮುಂದೆ ಹೆಬ್ಬೆರಳಗಲ ಜಾಗ ಉಳಿಯಬೇಕು.

ನಡಿಗೆಯೊಂದರಿಂದಲೇ ತೊಡೆ, ತೋಳಿನ ಬಲ ಉಳಿಯುವುದಿಲ್ಲ. ಐವತ್ತು ದಾಟಿದವರು ವಾರಕ್ಕೆ ಎರಡು-ಮೂರು ದಿನ ಇಷ್ಟು ಮಾಡಿ: ಗೋಡೆಗೆ ಒರಗಿಸಿಟ್ಟ ಕುರ್ಚಿಯಲ್ಲಿ ಕೂತು, ಕೈ ಊರದೆ ಎದ್ದು ಕೂರುವುದು ಹತ್ತು ಸಲ, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು ಹದಿನೈದು ಸಲ, ಹಾಲು ಕಾಯುವಷ್ಟರಲ್ಲಿ ಮುಗಿಯುತ್ತದೆ, ಗೋಡೆಗೆ ಅಂಗೈ ಒತ್ತಿ ಎದೆ ಹತ್ತಿರ ತಂದು ಹಿಂದಕ್ಕೆ ತಳ್ಳುವುದು ಹತ್ತು ಸಲ. ಮಂಡಿ ನೋಯುವವರು ಕುರ್ಚಿಯ ಮೇಲೆ ದಿಂಬಿಟ್ಟು ಎತ್ತರ ಮಾಡಿಕೊಳ್ಳಿ. ಕೂರುವಾಗ ದೊಪ್ಪನೆ ಬೀಳದೆ ಮೂರು ಎಣಿಸುತ್ತಾ ಇಳಿಯಿರಿ, ಬಲ ಬರುವುದು ಆ ಇಳಿತದಲ್ಲೇ. ವಿಟಮಿನ್ ಡಿ ಬೇಕಾದರೆ ಆರೂವರೆಯ ಎಳೆಬಿಸಿಲಿನಿಂದ ಹೆಚ್ಚೇನೂ ಸಿಗದು. ಹನ್ನೊಂದರ ಹೊತ್ತಿಗೆ ಟೆರೇಸಿಗೆ ಬಟ್ಟೆ ಒಣಹಾಕಲು ಹೋದಾಗ ಬಟ್ಟೆಯ ತೋಳು ಮೇಲಕ್ಕೆ ಮಡಚಿ ಕಾಲು ಗಂಟೆ ನಿಲ್ಲಿ. ಇಲ್ಲಿನ ತಂಪು ಹವೆಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ. ಮೂತ್ರ ಗಾಢ ಹಳದಿಯಾದರೆ ನೀರು ಸಾಲದು ಎಂದರ್ಥ.

ತೂಕದ ಮೆಷಿನ್ನಿಗಿಂತ ಟೈಲರ್ ಟೇಪು ವಾಸಿ. ಸಾಮಾನಿನ ಚೀಟಿ ಬರೆಯುವ ದಿನ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ, ಚರ್ಮ ಒತ್ತದಂತೆ ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ಹೊಟ್ಟೆ ಒಳಗೆಳೆದು ಅಳೆದುಕೊಳ್ಳುವವರ ಟೇಪನ್ನು ಮನೆಯ ಬೇರೆಯವರು ಹಿಡಿಯಲಿ, ಸಂಖ್ಯೆಯನ್ನು ಎಣ್ಣೆ ಡಬ್ಬಿಯ ಪಕ್ಕ ಕ್ಯಾಲೆಂಡರಿನಲ್ಲೇ ಬರೆದಿಡಿ.