ಮೈಕ್ ನನ್ನ ಕೈಲಿ, ಪೆಟ್ಟು ಇಡೀ ತಂಡಕ್ಕೆ

ಹಾಡುವವರಿಗೆ ರಾಜಕೀಯ ಯಾಕೆ ಅಂತ ಕೇಳುವವರು ಜಾಸ್ತಿ. ನಾನು ಸಣ್ಣ ತಂಡ ಕಟ್ಟಿಕೊಂಡು ಹಾಡುವವಳು, ವೇದಿಕೆ ಮೇಲೆ ಇಂಥ ವಿಷಯ ಮಾತಾಡುತ್ತೇನೆ. ಮಾತಾಡಬೇಕೋ ಬೇಡವೋ ಅನ್ನೋದು ನನಗೆ ದೊಡ್ಡ ಪ್ರಶ್ನೆಯಲ್ಲ. ಓಟು ಹಾಕುವ ಎಲ್ಲರಿಗೂ ಇರುವ ಬಾಯಿ ನನಗೂ ಇದೆ. ತಲೆ ತಿನ್ನುವ ಪ್ರಶ್ನೆ ಬೇರೆ: ನಾನು ಆಡಿದ ಮಾತಿಗೆ ಪೆಟ್ಟು ತಿನ್ನುವವರು ಯಾರು?

2003ರ ಮಾರ್ಚ್‌ನಲ್ಲಿ, ಇರಾಕ್ ಯುದ್ಧ ಶುರುವಾಗುವ ಕೆಲವೇ ದಿನ ಮುಂಚೆ, ಅಮೆರಿಕದ ಮೂವರು ಗಾಯಕಿಯರ ಡಿಕ್ಸಿ ಚಿಕ್ಸ್ ತಂಡದ ನಟಾಲಿ ಮೇನ್ಸ್ ಲಂಡನ್ನಿನಲ್ಲಿ ಹಾಡುತ್ತಿದ್ದರು. ಅಧ್ಯಕ್ಷ ಬುಷ್ ನಮ್ಮ ಟೆಕ್ಸಾಸ್‌ನವರು ಅನ್ನೋದೇ ನಾಚಿಕೆ ಎಂದುಬಿಟ್ಟರು. ಅಮೆರಿಕದ ಎಷ್ಟೋ ರೇಡಿಯೋ ಕೇಂದ್ರಗಳು ಅವರ ಹಾಡು ಹಾಕುವುದನ್ನೇ ನಿಲ್ಲಿಸಿದವು. ಮಾತಾಡಿದ್ದು ಒಬ್ಬರು, ಹಾಡು ನಿಂತದ್ದು ಮೂವರದ್ದು. ಉಳಿದಿಬ್ಬರು ಕೈಬಿಡಲಿಲ್ಲ, 2007ರಲ್ಲಿ ಐದು ಗ್ರ್ಯಾಮಿ ಸಂಗೀತ ಪ್ರಶಸ್ತಿಯೂ ಬಂತು. ಆದರೆ ಎಲ್ಲರಿಗೂ ಗ್ರ್ಯಾಮಿ ಬರಲ್ಲ, ಅಲ್ವಾ?

ಅದಕ್ಕೇ ಹೊಸ ವಿಷಯ ಎತ್ತುವ ಮುಂಚೆ ತಂಡದವರನ್ನು ಕೇಳುತ್ತೇನೆ. ಪ್ರಾಕ್ಟೀಸ್ ಮುಗಿದು ವೈರ್ ಸುತ್ತುವ ಹೊತ್ತು ಇದಕ್ಕೆ ಸರಿ, ಎಲ್ಲರ ಬಾಯೂ ಸಡಿಲವಾಗಿರುತ್ತದೆ. ಒಂದು ಸಲ ನಮ್ಮ ಡ್ರಮ್ಮರ್ ತಲೆ ಎತ್ತದೆಯೇ ಹೇಳಿದ: "ಅಕ್ಕಾ, ಮಾತಾಡೋದು ನೀವು. ಶೋ ಕೈತಪ್ಪಿದ್ರೆ ಕಂತು ಕಟ್ಟಕ್ಕೆ ಒದ್ದಾಡೋನು ನಾನು." ನ್ಯಾಯವಾದ ಮಾತು. ಆಮೇಲೆ ನಮ್ಮಲ್ಲೊಂದು ಕರಾರು ಬಂತು. ನನ್ನ ಮಾತಿನಿಂದ ಶೋ ರದ್ದಾದರೆ ಅವರ ದುಡ್ಡು ನಾನೇ ಕೊಡಬೇಕು. ಇಷ್ಟವಿಲ್ಲದವರು ಆ ಶೋಗೆ ಬರದಿದ್ದರೂ ಮುನಿಸಿಲ್ಲ. ಇದಾದ ಮೇಲೆ ನನ್ನ ಮಾತೂ ಕಡಿಮೆಯಾಗಿದೆ. ಜೇಬಿಂದ ದುಡ್ಡು ಹೋಗುತ್ತೆ ಅಂದಾಗ ಸುಮ್ನೆ ಚಪ್ಪಾಳೆಗೆ ಆಡುವ ಮಾತು ತಾನಾಗಿ ಉದುರಿಹೋಗುತ್ತದೆ.

ಆಡುವುದನ್ನು ಮೊದಲೇ ಬರೆದುಕೊಳ್ಳುತ್ತೇನೆ. ಪಕ್ಷದ ಹೆಸರಿಲ್ಲ, ಯಾರಿಗೆ ಓಟು ಹಾಕಿ ಅನ್ನುವುದಿಲ್ಲ. ಕಣ್ಣಾರೆ ಕಂಡದ್ದು ಮಾತ್ರ: ಅನುಮತಿ ಸಿಗದೆ ನಿಂತ ಕಾರ್ಯಕ್ರಮ, ಕೂಲಿ ಸಿಗದ ವೇದಿಕೆ ಕೆಲಸಗಾರರು. ವಿದೇಶಾಂಗ ನೀತಿ ನನಗೆ ತಿಳಿಯದು, ಅದಕ್ಕೆ ಕೈ ಹಾಕುವುದಿಲ್ಲ. ಪ್ರಚಾರದ ಹಾಡಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ದುಡ್ಡು ಪಡೆದು ಆಡಿದ್ದು ಜಾಹೀರಾತು, ಅದನ್ನು ಅಭಿಪ್ರಾಯ ಅಂತ ಮಾರುವ ತಾರೆಯರ ಮೇಲೆ ನನಗೆ ಸಿಟ್ಟಿದೆ.

ಶೋ ಆಯೋಜಕರು ಕೊಡುವ ಒಪ್ಪಂದದ ಕಾಗದ ಪೂರ್ತಿ ಓದಿ. ರಾಜಕೀಯ ಮಾತು ಕೂಡದು ಅನ್ನುವ ಸಾಲು ಎಲ್ಲೋ ಕೊನೆಯಲ್ಲಿ ಇರುತ್ತದೆ. ಹೊಡೆದುಹಾಕಿ ಅಂತ ಕೇಳಿದರೆ ಕೆಲವರು ಹಾಕುತ್ತಾರೆ. ಇಲ್ಲವಾದರೆ ಶೋ ಬಿಡುತ್ತೇನೆ, ಇಲ್ಲ ಬಾಯಿ ಮುಚ್ಚಿಕೊಂಡು ಹಾಡುತ್ತೇನೆ. ಸಹಿ ಹಾಕಿ ಮುರಿಯುವುದಿಲ್ಲ.

ಸುಮ್ಮನೆ ಹಾಡಿ ಅನ್ನುವವರಿಗೆ ದಕ್ಷಿಣ ಆಫ್ರಿಕಾದ ಗಾಯಕಿ ಮಿರಿಯಮ್ ಮಕೇಬಾ ನೆನಪಿರಲಿ. 1963ರಲ್ಲಿ ವಿಶ್ವಸಂಸ್ಥೆಯಲ್ಲಿ ವರ್ಣಭೇದದ ವಿರುದ್ಧ ಮಾತಾಡಿದರು. ದಕ್ಷಿಣ ಆಫ್ರಿಕಾ ಅವರ ಹಾಡುಗಳನ್ನೂ ನಿಷೇಧಿಸಿತು, ಪೌರತ್ವವನ್ನೂ ಕಿತ್ತುಕೊಂಡಿತು. ತಾಯ್ನಾಡಿಗೆ ಮರಳಿದ್ದು 1990ರಲ್ಲಿ. ಆಕೆಗೆ ಹಾಡು ಬೇರೆ, ರಾಜಕೀಯ ಬೇರೆ ಅಂತ ಬದುಕುವ ಅನುಕೂಲ ಎಲ್ಲಿತ್ತು?

ನನ್ನ ಮಾತು ಸೇರದೆ ಎದ್ದು ಹೋಗುವವರಿದ್ದಾರೆ. ಹೋಗಲಿ, ಅದು ಅವರ ಹಕ್ಕು. ಕೆಲವರು ಟಿಕೆಟ್ ದುಡ್ಡು ವಾಪಸ್ ಕೇಳುತ್ತಾರೆ. ಅದು ಮಾತ್ರ ಕೊಡುವುದಿಲ್ಲ. ಅಷ್ಟು ಹೊತ್ತಿಗೆ ಮುಕ್ಕಾಲು ಪಾಲು ಹಾಡು ಮುಗಿದಿರುತ್ತದೆ. ಮಾತನ್ನು ನಾನು ಬೇಕಂತಲೇ ಕೊನೆಗೆ ಇಟ್ಟಿರುತ್ತೇನೆ.