ಇರವು ಬೇರೆ, ಸಾರ ಬೇರೆ: ಅಕ್ವಿನಾಸ್‌ನ ಕಿರುಹೊತ್ತಗೆ ಓದುವ ಕ್ರಮ

ಕ್ರೈಸ್ತ ತತ್ವಜ್ಞಾನಿ ಥಾಮಸ್ ಅಕ್ವಿನಾಸ್ 1250ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಬರೆದ ‘ದೆ ಎಂಟೆ ಎತ್ ಎಸೆನ್ಷಿಯಾ’ (‘ಇರುವಂಥದ್ದು ಮತ್ತು ಸಾರ ಕುರಿತು’) ಗಾತ್ರದಲ್ಲಿ ಚಿಕ್ಕದು. ಪ್ರಸ್ತಾವನೆ ಮತ್ತು ಆರು ಅಧ್ಯಾಯಗಳಾಗಿ ವಿಂಗಡಿಸಿದ ಆವೃತ್ತಿ ಹಿಡಿಯಿರಿ. ಇಂಗ್ಲಿಷ್ ಅನುವಾದಗಳಲ್ಲಿ ಎನ್ಸ್, ಎಸ್ಸೆ ಎಂಬ ಎರಡು ಬೇರೆ ಲ್ಯಾಟಿನ್ ಪದಗಳಿಗೂ ಹಲವೊಮ್ಮೆ ‘ಬೀಯಿಂಗ್’ ಎಂದೇ ಬರುವುದರಿಂದ ಲ್ಯಾಟಿನ್ ಮೂಲವೂ ಪಕ್ಕದಲ್ಲಿರಲಿ.

ಮೊದಲು ಮೂರು ಪದ ಬರೆದಿಟ್ಟುಕೊಳ್ಳಿ. ಎನ್ಸ್ ಎಂದರೆ ಇರುವಂಥದ್ದು. ಎಸ್ಸೆ ಎಂದರೆ ಇರವು. ಎಸೆನ್ಷಿಯಾ ಎಂದರೆ ಸಾರ, ‘ಇದು ಏನು?’ ಎಂದು ಕೇಳಿದಾಗ ಸಿಗುವ ಉತ್ತರ. ಲ್ಯಾಟಿನ್‌ನಲ್ಲಿ ‘ಎಸ್ತ್’ ಎಂಬ ಒಂದೇ ಕ್ರಿಯಾಪದ ಎರಡು ಕೆಲಸ ಮಾಡುತ್ತದೆ. ಇಲ್ಲಿ ಕನ್ನಡ ನಮ್ಮ ಕೈಹಿಡಿಯುತ್ತದೆ: ‘ಸಾಕ್ರಟೀಸ್ ಮನುಷ್ಯ’ ಎನ್ನಲು ಕ್ರಿಯಾಪದವೇ ಬೇಡ, ‘ಸಾಕ್ರಟೀಸ್ ಇದ್ದಾನೆ’ ಎನ್ನಲು ಬೇಕೇ ಬೇಕು. ಗೊಂದಲವಾದಲ್ಲೆಲ್ಲ ವಾಕ್ಯವನ್ನು ಈ ಎರಡು ಅಚ್ಚಿಗೆ ಹಾಕಿ ನೋಡಿ.

ಈ ಅಚ್ಚು ಒಂದು ಕಡೆ ಕೈಕೊಡುತ್ತದೆ. ‘ಕಣ್ಣಿನಲ್ಲಿ ಕುರುಡುತನ ಇದೆ’ ಎಂಬ ವಾಕ್ಯ ನಿಜವಾಗಬಹುದು, ಆದರೆ ಕುರುಡುತನ ಬರೀ ಒಂದು ಕೊರತೆ, ಅದಕ್ಕೆ ಸಾರವಿಲ್ಲ. ಒಂದನೆಯ ಅಧ್ಯಾಯ ಎನ್ಸ್ ಪದಕ್ಕೆ ಎರಡು ಅರ್ಥ (ನಿಜಕ್ಕೂ ಇರುವಂಥದ್ದು, ವಾಕ್ಯ ನಿಜವಾಗುವುದರಿಂದ ಮಾತ್ರ ‘ಇದೆ’ ಎನ್ನಿಸಿಕೊಳ್ಳುವಂಥದ್ದು) ಕೊಡುವುದು ಇದಕ್ಕಾಗಿಯೇ.

ಎರಡನೆಯದರಲ್ಲಿ ಹೆಚ್ಚಿನವರು ಎಡವುವುದು ಸಾರವೆಂದರೆ ರೂಪ (ದ್ರವ್ಯವನ್ನು ಇಂಥದ್ದೇ ವಸ್ತುವಾಗಿಸುವ ಅಂಶ, ಮನುಷ್ಯನಲ್ಲಿ ಆತ್ಮ) ಮಾತ್ರ ಎಂದುಕೊಂಡು. ಮನುಷ್ಯನ ಸಾರದಲ್ಲಿ ಆತ್ಮದ ಜೊತೆ ಮಾಂಸ, ಮೂಳೆಯೂ ಸೇರಿವೆ. ಆದರೆ ‘ಈ’ ಮಾಂಸ, ‘ಈ’ ಮೂಳೆ ಸೇರಿಲ್ಲ, ಅವು ಸಾಕ್ರಟೀಸ್‌ನನ್ನು ಪ್ಲೇಟೋನಿಂದ ಬೇರೆ ಮಾಡುವ ದ್ರವ್ಯ. ಮನುಷ್ಯತ್ವ ಎಂಬ ಪದ ಆ ದ್ರವ್ಯವನ್ನು ಹೊರಗಿಡುತ್ತದೆ. ಆದ್ದರಿಂದ ‘ಸಾಕ್ರಟೀಸ್ ಮನುಷ್ಯತ್ವ’ ಎನ್ನಲಾಗದು.

ನಾಲ್ಕನೆಯ ಅಧ್ಯಾಯಕ್ಕೆ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ಫೀನಿಕ್ಸ್ ಹಕ್ಕಿ ಏನೆಂದು ತಿಳಿಯಲು ಅದು ಲೋಕದಲ್ಲಿ ಇದೆಯೇ ಎಂದು ತಿಳಿದಿರಬೇಕಿಲ್ಲ. ಹಾಗಾಗಿ ಇರವು ಸಾರದ ಭಾಗವಲ್ಲ. ಬಹಳ ಜನ ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ, ವಾದ ಮುಗಿದಿರುವುದಿಲ್ಲ. ಇರವೇ ಸಾರವಾದದ್ದು ಇದ್ದರೆ ಅದು ಒಂದೇ ಇರಬಲ್ಲದು, ಮಿಕ್ಕೆಲ್ಲಕ್ಕೂ ಇರವು ಬೇರೆಡೆಯಿಂದ ಬರಬೇಕು ಎಂಬ ಎರಡು ಹೆಜ್ಜೆ ಉಳಿದಿವೆ. ದೇವದೂತರಲ್ಲೂ ದ್ರವ್ಯವಿದೆ ಎಂದ ಹನ್ನೊಂದನೆಯ ಶತಮಾನದ ಯೆಹೂದಿ ತತ್ವಜ್ಞಾನಿ ಇಬ್ನ್ ಗಬಿರೋಲ್‌ಗೆ ಉತ್ತರವೂ ಈ ಅಧ್ಯಾಯದಲ್ಲೇ ಇದೆ: ಅವರಲ್ಲಿ ದ್ರವ್ಯವಿಲ್ಲ, ಆದರೂ ಸಾರ ಬೇರೆ, ಇರವು ಬೇರೆ.

ಇರವು, ಸಾರಗಳನ್ನು ಅಂಟಿಸಿಟ್ಟ ಎರಡು ವಸ್ತುಗಳಂತೆ ಚಿತ್ರಿಸಿಕೊಳ್ಳಬೇಡಿ. ಹಾಗೆ ಮಾತಾಡಿದವನು ಮುಂದಿನ ತಲೆಮಾರಿನ ತತ್ವಜ್ಞಾನಿ ರೋಮಿನ ಗೈಲ್ಸ್. ಅಕ್ವಿನಾಸ್‌ಗೆ ಸಾರವೆಂಬುದು ಸಾಧ್ಯತೆ, ಇರವು ಅದನ್ನು ವಾಸ್ತವವಾಗಿಸುವಂಥದ್ದು.