‘ಇಂದ’ ಕೊಟ್ಟ ಕಾಟ

ಪ್ರವೇಶ ಪರೀಕ್ಷೆಯ ತಯಾರಿಯಲ್ಲಿ ನನಗೆ ಕೈಕೊಡುತ್ತಿದ್ದದ್ದು ಗಣಿತವಲ್ಲ, ಇಂಗ್ಲಿಷಿನಲ್ಲಿ ತಪ್ಪು ಹುಡುಕುವ ಪ್ರಶ್ನೆಗಳು. ವ್ಯಾಕರಣದ ನಿಯಮ ಕೇಳಿದರೆ ಪಟಪಟನೆ ಹೇಳುತ್ತಿದ್ದೆ. ಅಣಕು ಪರೀಕ್ಷೆಯಲ್ಲಿ ಮಾತ್ರ 20ಕ್ಕೆ 9 ದಾಟುತ್ತಿರಲಿಲ್ಲ.

ಒಂದು ಭಾನುವಾರ ಹೊಸ ಪ್ರಶ್ನೆಪತ್ರಿಕೆ ಬದಿಗಿಟ್ಟು, ಹಳೆಯ ತಪ್ಪುಗಳನ್ನೇ ಒಂದು ನೋಟ್‌ಬುಕ್ಕಿಗೆ ಇಳಿಸಿದೆ. ಪಕ್ಕದಲ್ಲಿ, ಆ ವಾಕ್ಯ ನನ್ನ ತಲೆಯೊಳಗೆ ಕನ್ನಡದಲ್ಲಿ ಹೇಗೆ ಓಡಿತ್ತು ಅಂತಲೂ ಬರೆದೆ. ಕಳ್ಳ ಸಿಕ್ಕಿಬಿದ್ದ! ‘ಎರಡು ಗಂಟೆಯಿಂದ ಕಾಯುತ್ತಿದ್ದೇನೆ’ ಅನ್ನಿ. ಗಡಿಯಾರ ಎರಡು ಹೊಡೆದಾಗಿನಿಂದಲೋ, ಕಾಯುತ್ತಾ ಎರಡು ತಾಸಾಯಿತೋ? ನಮಗೆ ಎರಡಕ್ಕೂ ಒಂದೇ ‘ಇಂದ’ ಸಾಕು. ಇಂಗ್ಲಿಷಿಗೆ ಸಾಲದು: ಶುರುವಾದ ಹೊತ್ತಿಗೆ ‘ಸಿನ್ಸ್’, ಕಳೆದ ಅವಧಿಗೆ ‘ಫಾರ್’. ನಾನು ಎಲ್ಲದಕ್ಕೂ ‘ಸಿನ್ಸ್’ ಜಡಿಯುತ್ತಿದ್ದೆ. ‘ಅದರ ಬಗ್ಗೆ ಚರ್ಚಿಸು’ ಎಂಬಲ್ಲಿನ ‘ಬಗ್ಗೆ’ಯನ್ನು ಹೊತ್ತು ತಂದು ‘ಡಿಸ್ಕಸ್’ ಮುಂದೆ ‘ಅಬೌಟ್’ ಅಂಟಿಸುತ್ತಿದ್ದೆ; ಅಲ್ಲಿ ಅದು ಬೇಕಿಲ್ಲ. ‘ನನಗಿಂತ ಹಿರಿಯ’ ಅನ್ನುವಾಗ ‘ಸೀನಿಯರ್’ ಹಿಂದೆಯೇ ‘ದ್ಯಾನ್’ ಬರುತ್ತಿತ್ತು, ಬರಬೇಕಾದ್ದು ‘ಟು’.

ಆಮೇಲೆ ದಿನಕ್ಕೆ ಹತ್ತೇ ಪ್ರಶ್ನೆ. ಉತ್ತರ ಸರಿಯಾಗಿದ್ದರೂ ಕಾರಣವನ್ನು ಒಂದು ಸಾಲಲ್ಲಿ ಬರೆಯದೆ ಮುಂದೆ ಹೋಗುತ್ತಿರಲಿಲ್ಲ. ಬೇಜಾರಿನ ಕೆಲಸ, ನಿಜ. ಪದಪಟ್ಟಿ ಬಾಯಿಪಾಠ ಮಾಡುವುದನ್ನೂ ಬಿಟ್ಟು, ಪ್ರತಿ ಹೊಸ ಪದಕ್ಕೆ ನನ್ನದೇ ವಾಕ್ಯ ಕಟ್ಟತೊಡಗಿದೆ. ಆರು ವಾರಕ್ಕೆ ಅಂಕ 16ಕ್ಕೆ ಬಂತು. ‘ಎ’, ‘ದಿ’ ಮಾತ್ರ ಈಗಲೂ ಎಡವಿಸುತ್ತವೆ. ಕನ್ನಡದಲ್ಲಿ ಆ ಜಾತಿಯ ಪದಗಳೇ ಇಲ್ಲವಲ್ಲ. ಅವಕ್ಕೆ ಬೇರೆಯೇ ನೋಟ್‌ಬುಕ್ ಶುರುಮಾಡಿದ್ದೇನೆ.